ಮೂರು ಕಾಲಿನ ಮೇಲೆ ನಿಂತ ಗಾಜಿನ ಕುಂಟ

ಪ್ರೀತಿಯ ಅಪ್ಪಾ,

ಇಷ್ಟುದ್ದ ಕಾಗದಕ್ಕೆ ನೀನು ಎಂದಿನಂತೆ ಒಂದು "ಹೂಂ" ಅಂದರೂ ಸಾಕು. ಬದುಕಿದ್ದಾಗ ನೀನು ಅದಕ್ಕಿಂತ ಹೆಚ್ಚು ಮಾತಾಡಿದವನಲ್ಲ. "ನಿಮ್ಮಪ್ಪ ಬಾಯಿ ಬಿಟ್ರೆ ಮುತ್ತು ಉದುರುತ್ತೆ, ಅದಕ್ಕೇ ಬಿಗಿಯಾಗಿ ಮುಚ್ಕೊಂಡಿದಾರೆ" ಎಂದು ಅಮ್ಮ ಅಣಕಿಸುತ್ತಿದ್ದಳು. ನೀನು ಅದಕ್ಕೂ "ಹೂಂ" ಎನ್ನುತ್ತಿದ್ದೆ.

ಈಗ ಬರೆಯುತ್ತಿರುವುದು ನಮ್ಮ ಗಾಜಿನ ಕುಂಟನ ವಿಷಯಕ್ಕೆ. ನನ್ನ ಹೊಲಿಗೆ ಯಂತ್ರದ ಪಕ್ಕದ ಕಿಟಕಿಯಲ್ಲಿ ಅವನು ಇಂದಿಗೂ ನಿಂತಿದ್ದಾನೆ. ಹೆಬ್ಬೆರಳಿನಷ್ಟು ಎತ್ತರ, ಜೇನಿನ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡಿದ್ದು, ಹಿಂದಿನ ಒಂದು ಕಾಲು ನೆಲಕ್ಕೆ ತಾಗದೆ ಮೇಲೆ. ಬೆಳಗಿನ ಬಿಸಿಲು ಅವನ ಮೈಯೊಳಗೆ ಹಾದು ನಾನು ಹೊಲಿಯುವ ಬಟ್ಟೆಯ ಮೇಲೆ ಹಳದಿ ಮಚ್ಚೆಯಾಗಿ ಬೀಳುತ್ತದೆ. ನಾನು ಬಟ್ಟೆ ಸರಿಸಿ ಮಚ್ಚೆಯನ್ನು ಮಾತ್ರ ಅಲ್ಲೇ ಬಿಡುತ್ತೇನೆ.

ನಿಜವಾದ ಕುಂಟ ಸತ್ತ ವಾರ ನೆನಪಿದೆಯೇ? ಕಾಲು ಮುರಿದು ಬೀದಿಯಲ್ಲಿ ಬಿದ್ದಿದ್ದ ಆ ನಾಯಿಮರಿಯನ್ನು ಎತ್ತಿಕೊಂಡು ಬಂದವಳು ನಾನು, ಬೈಸಿಕೊಂಡವಳೂ ನಾನೇ. ಅವನು ಹೋದಾಗ ನಾನು ಊಟ ಬಿಟ್ಟು ಮೂಲೆ ಹಿಡಿದೆ. ಅಮ್ಮ ರಮಿಸಿದಳು, ಅಜ್ಜಿ ಗದರಿದಳು, ಪಕ್ಕದ ಮನೆಯವರು ಬೇರೆ ಮರಿ ಕೊಡಿಸುತ್ತೇವೆ ಎಂದರು. ನೀನೊಬ್ಬ ತುಟಿ ಪಿಟಕ್ ಅನ್ನಲಿಲ್ಲ. ಒಂದು ಸಂಜೆ ಕಾರ್ಖಾನೆಯಿಂದ ಬಂದವನು ಕೈ ತೊಳೆದು, ಊಟದ ಡಬ್ಬಿಯ ಒಳಗಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು, ಬಿಚ್ಚಿ, ನನ್ನ ಅಂಗೈ ಮೇಲೆ ಇದನ್ನು ನಿಲ್ಲಿಸಿದೆ. "ಇದು ನಿಂಗೆ" ಅಂದೆ. ಅಷ್ಟೇ. ಇಡೀ ದಿನ ಔಷಧಿ ಸೀಸೆ ಊದುವ ಅಪ್ಪ ನನಗಾಗಿ ನಾಯಿ ಮಾಡಿದ್ದಾನೆ ಎಂದು ನಾನು ಬೀದಿಗೆಲ್ಲ ಸಾರಿ ಬಂದೆ. ಅಪ್ಪ ಮುದ್ದಿನ ಮಾತಾಡದಿದ್ದರೇನು, ಅವನ ಮಾತು ಇಲ್ಲಿದೆ ಎಂದುಕೊಂಡೇ ದೊಡ್ಡವಳಾದೆ.

ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಅಲ್ಲಿನ ಪ್ಯಾಕಿಂಗ್ ಕೋಣೆಯಲ್ಲಿ, ಕೆಲಸಗಾರರು ಪಾಳಿಯ ಕೊನೆಗೆ ಉಳಿದ ಗಾಜಿನಲ್ಲಿ ಮಾಡುತ್ತಿದ್ದ ಪ್ರಾಣಿಗಳನ್ನೆಲ್ಲ ಸೇರಿಸಿ ಪ್ರದರ್ಶನ ಇಡುತ್ತಿದ್ದಾರೆ. ಪ್ರತಿಯೊಂದರ ಮುಂದೆ ಮಾಡಿದವರ ಹೆಸರಿನ ಚೀಟಿ. ನಿನ್ನ ಹೆಸರು ಮದುವೆ ಕಾಗದ ಬಿಟ್ಟರೆ ಇನ್ನೆಲ್ಲೂ ಅಚ್ಚಾಗಿರಲಿಲ್ಲ. ಅದೊಂದು ಆಸೆಗೆ ಕುಂಟನನ್ನು ಹತ್ತಿಯಲ್ಲಿ ಸುತ್ತಿಕೊಂಡು ಹೋದೆ.

ಅಲ್ಲಿ ಸಂಗ್ರಹ ನೋಡಿಕೊಳ್ಳುವ ಹೆಂಗಸು ಭೂತಗನ್ನಡಿ ಹಿಡಿದು ಕುಂಟನನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಿಮ್ಮ ತಂದೆ ಎಡಚರಾ?" ಎಂದು ಕೇಳಿದಳು. ಅಲ್ಲ ಎಂದೆ. "ಹಾಗಾದ್ರೆ ಇದು ಅವರದಲ್ಲ. ಬಾಲ ನೋಡಿ, ಗಾಜು ಬಿಸಿ ಇದ್ದಾಗ್ಲೇ ಇಕ್ಕಳದಲ್ಲಿ ಹಿಡಿದು ತಿರುಚಿದಾರೆ. ಬಲಗೈಯೋರು ತಿರುಚಿದ್ರೆ ಸುರುಳಿ ಇನ್ನೊಂದು ಕಡೆಗಿರುತ್ತೆ" ಎಂದು ಕಪಾಟಿನಿಂದ ಎಡಗೈಯವರೊಬ್ಬರು ಮಾಡಿದ್ದ ಒಂದು ಕುದುರೆ, ಒಂದು ಅಳಿಲು ತೆಗೆದು ಪಕ್ಕದಲ್ಲಿಟ್ಟಳು. ಮೂರರದ್ದೂ ಒಂದೇ ಸುರುಳಿ.

ನನ್ನ ಸ್ವಭಾವ ನಿನಗೆ ಗೊತ್ತಲ್ಲ, ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನ್ನ ನಾಯಿಯಂತೂ ನಿಂತಿರುವುದೇ ಮೂರರ ಮೇಲೆ! ನಮ್ಮ ಕುಂಟನನ್ನು ನೋಡದವರು ಈ ಕಿವಿ, ಈ ಕಾಲು ಮಾಡಲು ಹೇಗೆ ಸಾಧ್ಯ ಎಂದು ಜಗಳಕ್ಕೇ ನಿಂತೆ. ಆದರೆ ಅಪ್ಪಾ, ಗುಂಡಿಯ ಕಾಜ ನೋಡಿ ಯಾವ ದರ್ಜಿ ಹೊಲಿದಿದ್ದೆಂದು ಹೇಳುವವಳು ನಾನು. ಆ ಬಾಲದಲ್ಲಿದ್ದ ಕೈ ನನಗೂ ಕಂಡಿತು. ಮನೆಗೆ ಬಂದು ಕುಂಟನನ್ನು ಕಿಟಕಿಯಲ್ಲಿಡದೆ ದಾರದ ಡಬ್ಬಿಗೆ ಹಾಕಿ ಮುಚ್ಚಿದೆ. ನೀನು ನನಗೆ ಆಡಿದ ಒಂದೇ ಒಂದು ಮಾತೂ ಇನ್ನೊಬ್ಬರಿಂದ ಕಡ ತಂದದ್ದೇ ಎಂದು ತುಂಬ ಅತ್ತೆ.

ಮರುದಿನವೇ ಕಾರ್ಖಾನೆಯ ಹಳಬರನ್ನು ವಿಚಾರಿಸಿದೆ. ನಿಮ್ಮ ಕುಲುಮೆಯ ಮುಂದೆ ಎಡಗೈಯವರು ಒಬ್ಬರೇ ಇದ್ದರಂತೆ. ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದ ನಿನ್ನ ಜೊತೆಗಾರ. ಈಗ ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಮಗಳೊಂದಿಗಿದ್ದಾರೆ. ವಿಳಾಸ ಕೇಳಿಕೊಂಡು ಮೆಟ್ಟಿಲು ಹತ್ತಿದೆ. ಯಾರು, ಏನು ಎಂದು ಹೇಳುವ ಮೊದಲೇ ಕೋಪದಿಂದ ಡಬ್ಬಿ ತೆರೆದು ಅವರ ಮುಂದೆ ಹಿಡಿದೆ.

"ಅಯ್ಯೋ, ಕುಂಟ!" ಅಂದರು ಅವರು.

ಅವರು ನಮ್ಮ ಮನೆಯ ಹೊಸಿಲು ತುಳಿದವರಲ್ಲ, ನಾಯಿಯನ್ನು ಕಣ್ಣಿಂದ ಕಂಡವರೂ ಅಲ್ಲ. ನೀವು ಅವನನ್ನು ಎಲ್ಲಿ ನೋಡಿದಿರಿ ಎಂದು ಕೇಳಿದೆ. "ನೋಡೋದೇನಮ್ಮ? ನಿಮ್ಮಪ್ಪನ ಬಾಯಿಗೆ ಬೀಗ ಹಾಕೋರೇ ಇರ್ಲಿಲ್ಲ. ದಿನಾ ನನ್ನ ಮಗಳು ಹಂಗಂದ್ಳು, ನನ್ನ ಮಗಳು ಹಿಂಗಂದ್ಳು. ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ನೀನು ಫ್ರಾಕಿನ ಅಂಚು ಹರಿದು ನಾಯಿ ಕಾಲಿಗೆ ಪಟ್ಟಿ ಕಟ್ಟಿದ್ದು, ಕನ್ನಡಿ ಮುಂದೆ ನಿಂತು ಹಾಡ್ತಿದ್ದಿದ್ದು, ಎಲ್ಲಾ ಗೊತ್ತು ನಂಗೆ" ಎಂದರು.

ನಮ್ಮಪ್ಪನಾ ಎಂದು ಕೇಳಿದೆ. ಮನೆಯಲ್ಲಿ ನೀನು "ಹೂಂ" ಬಿಟ್ಟರೆ ಮಾತೇ ಆಡುತ್ತಿರಲಿಲ್ಲ ಎಂದಾಗ ಅವರು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಎಲ್ಲಾ ನನ್ನ ಹತ್ರನೇ ಖಾಲಿ ಮಾಡ್ಕೊಂಡು ಬರ್ತಿದ್ನೇನೋ!"

ನಿಮ್ಮ ಮೇಸ್ತ್ರಿಯ ಕಟ್ಟಳೆಯನ್ನೂ ಅವರೇ ಹೇಳಿದರು. ಉಳಿದ ಗಾಜಿನಲ್ಲಿ ತಾನು ಮಾಡಿದ್ದನ್ನು ತಾನೇ ಮನೆಗೆ ಒಯ್ದರೆ ಅದು ಕಳವು, ಜೊತೆಗಾರ ಮಾಡಿಕೊಟ್ಟರೆ ಉಡುಗೊರೆ. ಹಾಗಾಗಿ ನಿನ್ನ ಮಗಳಿಗೆ ಅವರು, ಅವರ ಮಗಳಿಗೆ ನೀನು. "ಆವತ್ತು ನಿಮ್ಮಪ್ಪ ಕುಲುಮೆ ಮುಂದೆ ಅತ್ತ. ಮಗು ಊಟ ಬಿಟ್ಟಿದೆ, ಏನ್ ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ ಕಣೋ, ಒಂದು ನಾಯಿ ಮಾಡ್ಕೊಡು ಅಂದ. ಮಾಡೋಕೆ ಬಿಟ್ನಾ? ಆ ಕಿವಿ ಅಲ್ಲ, ಈ ಕಿವಿ ಮಡಚು. ಕಾಲು ಇನ್ನೂ ಮೇಲಕ್ಕೆತ್ತು. ಅವನ ಮಾತು ಮುಗಿಯೋಷ್ಟರಲ್ಲಿ ಗಾಜು ತಣ್ಣಗಾಗೋದು, ನಾನು ಮತ್ತೆ ಬಿಸಿ ಮಾಡೋದು."

ಅವರ ಮಗಳು, ನನ್ನದೇ ವಯಸ್ಸಿನವಳು, ನೀನು ಅವಳಿಗೆ ಮಾಡಿದ ಆಮೆಯನ್ನು ತಂದು ತೋರಿಸಿದಳು. ಸಿಟ್ಟಾಗಬೇಡ ಅಪ್ಪಾ, ಅದು ಆಮೆಯೋ ಬಾಗಿಲಿನ ಹಿಡಿಯೋ ಎಂದು ತಕ್ಷಣ ಗೊತ್ತಾಗುವುದಿಲ್ಲ. ಅಳುತ್ತಿದ್ದವಳಿಗೆ ನಗು ಬಂತು. "ನಿಮ್ಮಪ್ಪ ಮಾಡಿದ್ದು, ಬೇಕಿದ್ರೆ ತಗೊಂಡ್ಹೋಗಿ ಅಕ್ಕ" ಎಂದಳು, ಆದರೆ ಅವಳ ಬೆರಳು ಸಡಿಲವಾಗಲಿಲ್ಲ. ಆ ಹಿಡಿತ ನನಗೂ ಗೊತ್ತಿರುವುದೇ. ಆಮೆಯ ಬೆನ್ನನ್ನು ಒಂದು ಸಲ ಸವರಿ, ಬೇಡ, ಅದು ನಿಮ್ಮದು ಎಂದೆ.

ಕುಂಟ ಮತ್ತೆ ಕಿಟಕಿಗೆ ಬಂದಿದ್ದಾನೆ, ಪ್ರದರ್ಶನ ಶುರುವಾಗುವ ದಿನ ಅಲ್ಲಿಗೆ ಹೋಗುತ್ತಾನೆ. ಅವನ ಚೀಟಿಯಲ್ಲಿ "ಮಾಡಿದವರು" ಎಂಬಲ್ಲಿ ಎಡಚ ಮಾಮನ ಹೆಸರಿದೆ. ಅದರ ಕೆಳಗೆ ಇನ್ನೊಂದು ಸಾಲು ಬೇಕೇ ಬೇಕು ಎಂದು ನಾನು ಹಟ ಹಿಡಿದೆ. ಆ ಹೆಂಗಸು ಇಂಥದ್ದು ಯಾವ ಚೀಟಿಯಲ್ಲೂ ಇಲ್ಲ ಎನ್ನುತ್ತಲೇ ಅಚ್ಚು ಹಾಕಿಸಿಕೊಟ್ಟಳು. "ಹೇಳಿದವರು" ಎಂದು ಬರೆದು ಮುಂದೆ ನಿನ್ನ ಹೆಸರು.

ನೀನಿರುವಲ್ಲಿ ಪಕ್ಕದಲ್ಲಿ ಯಾರಾದರೂ ಕೂತಿರಲಿ ಅಪ್ಪಾ, ಅವರ ಕಿವಿ ಗಟ್ಟಿ ಇರಲಿ. ನನ್ನ ಬಗ್ಗೆ ಹೇಳುತ್ತಿರು.

ನಿನ್ನ ಬಾಯಿತುಂಬ ಇದ್ದ,
ಮಗಳು