ಹಂಡೆಯ ಮೇಲಿನ ಹೆಸರು

ಹಿರೇಕೊಡಿಗೆ
12-2-2004

ರಾಧಕ್ಕಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಈ ಕಾಗದವನ್ನು ನೀನೊಬ್ಬಳೇ ಓದು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯಲ್ಲಿ ಯಾವಾಗಲೂ ಭಾವನೇ ಎತ್ತುತ್ತಾರೆ.

ದಿವ್ಯನ ಮದುವೆಗೆಂದು ತಾಮ್ರದ ಹಂಡೆ ತೆಗೆದುಕೊಂಡೆನಲ್ಲ, ಅದು ಕದ್ದ ಮಾಲಂತೆ ಕಣೇ. ಅದರ ಮೇಲೆ ‘ಅನ್ನಪೂರ್ಣಮ್ಮ, ಮೆಣಸೆ’ ಎಂದು ಚುಕ್ಕಿ ಹೊಡೆದ ಹೆಸರಿತ್ತು. ಹಳೆಯ ಪಾತ್ರೆ ಎಂದಮೇಲೆ ಯಾರದೋ ಹೆಸರು ಇದ್ದೇ ಇರುತ್ತದೆ. ಅಣ್ಣತಮ್ಮಂದಿರು ಪಾಲಾದ ಮನೆಯದು ಎಂದು ತಂದವರು ಹೇಳಿದರು, ನಾನು ನಂಬಿದೆ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದೆ ಬೇರೆ, ನನ್ನ ಆಸೆಗಿಷ್ಟು ಬೆಂಕಿ ಹಾಕ! ಆದರೆ ಬೇರೆಯವರ ಹೆಸರಿನ ಹಂಡೆಯನ್ನು ಮಗಳ ಜೊತೆ ಕಳಿಸುವುದು ಹೇಗೆ? ಕೊಪ್ಪದಲ್ಲಿ ಪಾತ್ರೆಗೆ ಹೆಸರು ಹೊಡೆಯುವ ರಂಗಪ್ಪನ ಹತ್ತಿರ ಅದನ್ನು ಉಜ್ಜಿಸಿ, ಅದೇ ಜಾಗದಲ್ಲಿ ದಿವ್ಯನ ಹೆಸರು ಹೊಡೆಸಿದೆ.

ಮೊನ್ನೆ ರಂಗಪ್ಪ ಮನೆಗೇ ಬಂದ. ಪೊಲೀಸರು ಕಳವಾದ ಪಾತ್ರೆಗಳ ಪಟ್ಟಿ ಹಿಡಿದು ಅಂಗಡಿ ಅಂಗಡಿ ಕೇಳುತ್ತಿದ್ದಾರಂತೆ. “ಪಟ್ಟಿಲಿ ಇದ್ದಿದ್ದು ಅದೇ ಹೆಸರು ಮಾರಾಯ್ರೆ. ನಾನಿನ್ನೂ ಎಂತದೂ ಹೇಳ್ಲಿಲ್ಲ. ಇನ್ನೊಂದ್ಸಲ ಬಂದ್ರೆ ಸುಳ್ ಹೇಳಕ್ಕೆ ನನ್ ಕೈಲಾಗಲ್ಲ” ಎಂದ. ಕಳ್ಳನನ್ನು ತಡೆಯಲು ಹೋದ ಅನ್ನಪೂರ್ಣಮ್ಮನಿಗೆ ತಲೆಗೆ ಪೆಟ್ಟು ಬಿದ್ದಿದೆಯಂತೆ. ತಿಂಗಳಾಯಿತು, ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾರೆ. ಇನ್ನೂ ಮಾತಿಲ್ಲ.

ನಿನ್ನೆ ವಕೀಲ ತ್ರ್ಯಂಬಕರನ್ನು ಕಂಡೆ. ಗೊತ್ತಿಲ್ಲದೆ ಕೊಂಡರೆ ಅಪರಾಧವಲ್ಲ, ಆದರೆ ಹಂಡೆ ಒಡೆಯರಿಗೇ ಸೇರಬೇಕು, ಕೊಟ್ಟ ಹಣವನ್ನು ಮಾರಿದವರಿಂದಲೇ ಕೇಳಬೇಕು ಎಂದರು. ಬಚ್ಚಿಡಬೇಡಿ, ಅವರು ಬರುವ ಮೊದಲೇ ನೀವೇ ಠಾಣೆಗೆ ಒಯ್ದು ಯಾರು ಕೊಟ್ಟರೆಂದು ಹೇಳಿ ಎಂದರು. ಹೆಸರು ಉಜ್ಜಿಸಿದ್ದನ್ನು ಹೇಳಿದ ಮೇಲೆ ಮಾತ್ರ ಪೆನ್ನು ಕೆಳಗಿಟ್ಟರು. “ಕಮಲಮ್ಮ, ಗೊತ್ತಿಲ್ದೆ ಕೊಂಡೋರು ಹೆಸರು ಯಾಕೆ ಉಜ್ಜಿಸ್ತಾರೆ ಅಂತಲೇ ಅವರು ಮೊದಲು ಕೇಳೋದು” ಎಂದರು. ಮಾರಿದವರು ಯಾರು ಎಂದು ಕೇಳಿದ್ದಕ್ಕೆ, ಪರಿಚಯದವರು ಎಂದಷ್ಟೇ ಹೇಳಿ ಎದ್ದು ಬಂದೆ.

ಹಂಡೆ ಬಚ್ಚಲಲ್ಲೇ ಇದೆ. ಗೋಣಿಚೀಲ ಹೊದಿಸಿದ್ದೆ, ಹಾಗೆ ಮಾಡಿದರೆ ಬಚ್ಚಿಟ್ಟಂತಾಗುತ್ತದೆಂದು ಮತ್ತೆ ತೆಗೆದೆ. ರಸ್ತೆಯಲ್ಲಿ ಜೀಪು ನಿಧಾನವಾದರೆ ಕಿಟಕಿಗೆ ಓಡುತ್ತೇನೆ. ದಿವ್ಯನಿಗೆ ಇನ್ನೂ ಹೇಳಿಲ್ಲ.

ಬುಧವಾರ ಹಂಡೆ ತೆಗೆದುಕೊಂಡು ಠಾಣೆಗೆ ಹೋಗುತ್ತೇನೆ. ಮಾರಿದವರ ಹೆಸರು ಹೇಳದಿದ್ದರೆ ಆ ಮುದುಕಿಯ ತಲೆಗೆ ಬಿದ್ದ ಪೆಟ್ಟೂ ನನ್ನ ಮೇಲೇ ಬರುತ್ತದೆ, ಮಗಳ ಮದುವೆ ನಿಲ್ಲುತ್ತದೆ. ಹೇಳಿದರೆ ಇನ್ನೊಂದು ಮನೆ ಮುರಿಯುತ್ತದೆ. ಹೇಳುತ್ತೇನೆ ಅಕ್ಕಾ. ನನಗೆ ಶಾಪ ಹಾಕಬೇಡ.

ನಿನ್ನ ತಂಗಿ,
ಕಮಲ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಹಂಡೆ ತಂದುಕೊಟ್ಟದ್ದು ಭಾವ. ಸಂಕ್ರಾಂತಿಯ ಹೊತ್ತಿಗೆ ನಿನಗೂ ಒಂದು ತಾಮ್ರದ ಕೊಡ ತಂದಿದ್ದರಲ್ಲ, ಅದರ ಕಂಠದ ಹತ್ತಿರ ನೋಡು. ಹೆಸರಿದ್ದರೆ ಉಜ್ಜಬೇಡ.