ಹಳೆಯ ಎಕ್ಸ್‌ರೇ

ಡಾಕ್ಟರಮ್ಮನವರಿಗೆ ನಮಸ್ಕಾರ.

ಹೊಸ ಎಕ್ಸ್‌ರೇಯಲ್ಲಿ ನನ್ನ ದವಡೆಯ ಮೂಳೆಯಲ್ಲಿ ಕಂಡ ಬಿಳಿ ಮಚ್ಚೆ ಬೆಳೆದಿದೆಯೋ ಎಂದು ನೋಡಲು ನೀವು ಹಳೆಯ ಎಕ್ಸ್‌ರೇ ಕೇಳಿದಿರಿ. ಹುಡುಕುತ್ತಿದ್ದೇನೆ ಎಂದು ಹನ್ನೆರಡು ದಿನ ತಳ್ಳಿದೆ. ಅದು ಮೊದಲ ದಿನವೇ ಸಿಕ್ಕಿತ್ತು. ಎಂಟು ವರ್ಷದ ಹಿಂದೆಯೂ ಮಚ್ಚೆ ಅಷ್ಟೇ ಇತ್ತು.

ಕ್ಯಾನ್ಸರ್ ಎಂದು ಹೆದರಿದ ಯಜಮಾನರು ಆ ಹನ್ನೆರಡೂ ದಿನ ದನಿ ಏರಿಸಲಿಲ್ಲ. ತಾವೇ ಹಾಲು ಕಾಯಿಸಿ, ಆರಿಸಿ ಕೊಟ್ಟರು. ಒಂದು ದಿನ ಅತ್ತರು. ಅಯ್ಯೋ ಪಾಪ ಅನಿಸಿ ಎಕ್ಸ್‌ರೇ ತಂದುಕೊಟ್ಟೆ.

"ಗಟ್ಟಿಯಾದ ಮೂಳೆ ಅಷ್ಟೇ. ಎಷ್ಟೋ ಜನಕ್ಕೆ ಇರುತ್ತೆ, ಏನೂ ಆಗಲ್ಲ" ಅಂದಿರಿ. ನಿಮ್ಮ ಮೆಟ್ಟಿಲು ಇಳಿಯುವ ಮೊದಲೇ ಯಜಮಾನರು, "ಇಷ್ಟಕ್ಕೆ ಇಷ್ಟು ನಾಟಕ ಆಡಿದ್ಯಾ?" ಎಂದು ಶುರುಮಾಡಿದರು.

ಆ ಎಕ್ಸ್‌ರೇ ನಿಮ್ಮ ಕಪಾಟಿನಲ್ಲೇ ಇರಲಿ. ಮುಂದಿನ ವರ್ಷ ಬಂದಾಗ ಅವರೆದುರೇ, ಹಳೆಯದು ಬೇಕೇ ಬೇಕು ಎಂದು ನನ್ನನ್ನು ಕೇಳಿ. ಈ ಸಲ ಒಂದು ತಿಂಗಳು ಹುಡುಕುತ್ತೇನೆ.

ಇಂತಿ,
ನಿಮ್ಮ ಮಂಗಳವಾರದ ಪೇಷಂಟ್