ಬಿಳಿ ಮುಖದ ಬಿಲ್ಲೆ

ನವೆಂಬರ್ ೧೧, ಸೋಮವಾರ

ನನ್ನ ಗುಬ್ಬಿಗೆ, ಅಪ್ಪನಿಂದ.

ಹೇಗಿದ್ದೀಯಾ ಎಂದು ಕೇಳುವುದಕ್ಕೂ ಈಗ ಹೆದರಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ಪ್ಲಾಸ್ಟರಿನ ಒಳಗಿನ ತುರಿಕೆ ಕಡಿಮೆಯಾಯಿತಾ? ಹೆಣಿಗೆಯ ಕಡ್ಡಿ ತೂರಿಸಿ ಕೆರೆದುಕೊಳ್ಳಬೇಡ ಮಾರಾಯ್ತಿ, ಗಾಯವಾದರೆ ಇನ್ನೊಂದು ತಿಂಗಳು ಮಂಚವೇ ಗತಿ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಫೋನಿನಲ್ಲಿ ಬರೀ ‘ಹ್ಞೂಂ’ ‘ಹ್ಞೂಂ’ ಅಂದಿದ್ದಕ್ಕೆ ನಿನಗೆ ಸಿಟ್ಟು ಬಂದಿರುವುದೂ ಗೊತ್ತು. ಏನು ಮಾಡಲಿ, ನಮ್ಮ ಫೋನು ಇರುವುದು ಅಡುಗೆಮನೆಯ ಬಾಗಿಲಲ್ಲಿ. ಅಲ್ಲಿ ನಿಮ್ಮಮ್ಮ ನಿಂತಿರುತ್ತಾಳೆ. ತನ್ನ ತಮ್ಮನ ಸುದ್ದಿ ಬಂತೇನೋ ಎಂದು ನನ್ನ ಮುಖವನ್ನೇ ನೋಡುತ್ತಿರುತ್ತಾಳೆ. ಅದಕ್ಕೇ ಬೇಗ ಫೋನು ಇಟ್ಟುಬಿಡುತ್ತೇನೆ.

ಸುದ್ದಿ ಏನೂ ಇಲ್ಲ ಮಗಳೇ. ನಿನ್ನ ಮಾವ ಸಮುದ್ರಕ್ಕೆ ಹೋಗಿ ಇವತ್ತಿಗೆ ಎಂಟು ದಿನ.

ನಿನಗೆ ಎಲ್ಲ ಚೂರುಚೂರಾಗಿ ತಲುಪಿದೆ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ಬೆಳಿಗ್ಗೆ ನಮ್ಮ ಗಾಳದ ಕ್ಲಬ್ಬಿನಿಂದ ಏಳು ದೋಣಿ ಹೊರಟವು. ಒಂದೊಂದರಲ್ಲಿ ಒಬ್ಬೊಬ್ಬರೇ. ಆರು ದಿನ ಅವರವರ ಕೆಲಸ, ಏಳನೇ ದಿನ ಗಾಳ ಹಿಡಿದು ಕೂರುವ ಹುಚ್ಚು, ನಿನಗೆ ಗೊತ್ತಲ್ಲ. ನಿನ್ನ ಮಾವ ಎಂದಿನಂತೆ ತಡವಾಗಿ ಬಂದ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದ. “ಊರಿನವರ ಹಲ್ಲೆಲ್ಲ ಎಣಿಸ್ತೀಯ, ನಿನ್ನ ಕನ್ನಡಕ ಎಲ್ಲಿದೆ ಗೊತ್ತಿಲ್ಲ” ಎಂದು ಗ್ಯಾರೇಜಿನವನು ರೇಗಿಸಿದ. ಕ್ಲಬ್ಬಿನಲ್ಲಿ ಅವನನ್ನು ‘ಇಕ್ಕಳ ಡಾಕ್ಟ್ರು’ ಎಂದೇ ಕರೆಯುವುದು. ಅವನು ನಕ್ಕ. “ಭಾವ, ಇವತ್ತು ನಿಮಗಿಂತ ದೊಡ್ಡ ಮೀನು ತರ್ತೀನಿ ನೋಡ್ತಿರಿ” ಅಂದು ಮೋಟಾರು ಎಳೆದು ಹೊರಟುಹೋದ. ನನ್ನ ಜೊತೆ ಆಡಿದ ಕೊನೆಯ ಮಾತು ಅದೇ.

ಹನ್ನೆರಡರ ಹೊತ್ತಿಗೆ ಗಾಳಿ ಎದ್ದಿತು, ಹಿಂದೆಯೇ ಮಳೆ. ಒಬ್ಬೊಬ್ಬರಾಗಿ ದೋಣಿ ಕಟ್ಟುವ ಕಟ್ಟೆಗೆ ಬಂದೆವು. ನಮ್ಮಲ್ಲಿನ ಬಿಲ್ಲೆಗಳ ಹಲಗೆ ನಿನಗೆ ನೆನಪಿರಬೇಕು. ನೀನು ಚಿಕ್ಕವಳಿದ್ದಾಗ ಅದಕ್ಕೆ ಬಣ್ಣ ಹಚ್ಚುವಾಗ ಪಕ್ಕದಲ್ಲಿ ಕೂತು ಮೂಗಿಗೆಲ್ಲ ಕೆಂಪು ಮೆತ್ತಿಕೊಂಡಿದ್ದೆ. ಒಂದೊಂದು ದೋಣಿಗೆ ಒಂದೊಂದು ತಗಡಿನ ಬಿಲ್ಲೆ, ಒಂದು ಮುಖ ಕೆಂಪು, ಇನ್ನೊಂದು ಬಿಳಿ. ಹೊರಡುವಾಗ ಕೆಂಪು ಮಾಡಬೇಕು, ವಾಪಸು ಬಂದ ಮೇಲೆ ಬಿಳಿ ಮಾಡಬೇಕು. ಕೊನೆಗೆ ಬಂದವನು ಹಲಗೆ ನೋಡಿ ಬೀಗ ಹಾಕಬೇಕು. ಒಂದೇ ಒಂದು ಕೆಂಪು ಉಳಿದಿದ್ದರೂ ಆ ಕ್ಷಣವೇ ಕರಾವಳಿ ಕಾವಲಿನವರಿಗೆ ಫೋನ್ ಮಾಡಬೇಕು. ಯಾರ ಬಿಲ್ಲೆಯನ್ನು ಅವರೇ ತಿರುಗಿಸಬೇಕು, ಬೇರೆ ಯಾರೂ ಮುಟ್ಟಕೂಡದು. ಬೋರ್ಡು ಬರೆಯುವುದೇ ನನ್ನ ಕಸುಬು, ಹಾಗಾಗಿ ಈ ನಿಯಮವನ್ನೂ ನಾನೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಹೊಡೆದಿದ್ದೇನೆ. ಹನ್ನೊಂದು ವರ್ಷದಿಂದ ಕಾರ್ಯದರ್ಶಿಯಾಗಿ ನಾನು ಎಲ್ಲರ ತಲೆ ತಿಂದಿರುವುದೂ ಇದೊಂದರ ಬಗ್ಗೆಯೇ.

ಆ ದಿನ ಕೊನೆಗೆ ಬಂದದ್ದು ಬೇಕರಿಯವನು. ಎರಡು ಗಂಟೆಗೆ ನೋಡಿದಾಗ ಏಳೂ ಬಿಲ್ಲೆ ಬಿಳಿ. ಸುರಿಯುವ ಮಳೆಯಲ್ಲಿ ದೋಣಿ ಎಣಿಸುವ ಗೊಡವೆಗೆ ಹೋಗದೆ ಬೀಗ ಹಾಕಿ ಮನೆಗೆ ಹೋದ. ಮಾರನೇ ದಿನ ಬೆಳಿಗ್ಗೆ ನಿನ್ನ ಮಾವನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಹಲ್ಲುನೋವಿನವರು ಕೆನ್ನೆ ಹಿಡಿದುಕೊಂಡು ಕೂತಿದ್ದರು, ಬಾಗಿಲು ತೆರೆದೇ ಇರಲಿಲ್ಲ. ಆಗ ನಿನ್ನ ಅತ್ತೆ ನಮ್ಮ ಮನೆಗೆ ಫೋನ್ ಮಾಡಿದಳು. ಅವನು ನಮ್ಮಲ್ಲೇ ಉಳಿದಿದ್ದಾನೆ ಅಂದುಕೊಂಡಿದ್ದಳಂತೆ. ಕಟ್ಟೆಗೆ ಓಡಿದರೆ ದೋಣಿ ಇಲ್ಲ.

ಬಿಲ್ಲೆ ಬಿಳಿಯಾಗಿದೆ, ಅಂದರೆ ಬಂದಿದ್ದಾನೆ. ದೋಣಿ ಇಲ್ಲ, ಅಂದರೆ ಮತ್ತೆ ಹೋಗಿದ್ದಾನೆ. ಭೂಗೋಳದ ಮೇಷ್ಟ್ರು ಅದನ್ನು ಲೆಕ್ಕದಂತೆ ಬಿಡಿಸಿ ಹೇಳಿದರು. “ನೋಡಿ, ಎಲ್ಲರೂ ಹೋದ್ಮೇಲೆ, ಅಂಥ ಗಾಳೀಲಿ ಒಬ್ಬನೇ ಮತ್ತೆ ದೋಣಿ ಬಿಟ್ಟಿದಾನೆ ಅಂದ್ರೆ... ಬೇಕಂತ್ಲೇ ಹೋಗಿರ್ಬೇಕು.” ಕಾವಲಿನವರೂ ಅದನ್ನೇ ನಂಬಿದರು. ಎರಡು ಗಂಟೆಯ ಮೇಲೆ ಗಾಳಿ ದಕ್ಷಿಣಕ್ಕೆ ತಿರುಗಿತ್ತಾದ್ದರಿಂದ ಇಷ್ಟೂ ದಿನ ದಕ್ಷಿಣದಲ್ಲೇ ಹುಡುಕಿದ್ದಾರೆ. ನಾನೂ ಗ್ಯಾರೇಜಿನವನೂ ದಿನಾ ಬೆಳಗಾದರೆ ಹೊರಡುತ್ತೇವೆ. ಕಣ್ಣು ಉರಿಯುವವರೆಗೆ ನೀರು ನೋಡುತ್ತೇವೆ. ಒಂದು ಪ್ಲಾಸ್ಟಿಕ್ ಡಬ್ಬ ತೇಲಿದರೂ ದೋಣಿ ಅತ್ತ ತಿರುಗಿಸುತ್ತೇವೆ.

ಇನ್ನು ನಿನ್ನ ಅತ್ತೆಯ ಪಾಡು. ಆ ಭಾನುವಾರ ಬೆಳಿಗ್ಗೆ ಅವರಿಬ್ಬರಿಗೆ ಜಗಳವಾಗಿತ್ತು. ದೊಡ್ಡದೇನಲ್ಲ. ಅವಳ ತಂಗಿಯ ಮನೆಗೆ ಹೋಗಬೇಕಿತ್ತು, ಇವನು ಗಾಳದ ಚೀಲ ಹೆಗಲಿಗೇರಿಸಿದ. “ಹೋಗಿ, ಅಲ್ಲೇ ಇದ್ದುಬಿಡಿ, ವಾಪಸ್ ಬರಲೇಬೇಡಿ” ಅಂದಳಂತೆ. ಗಂಡ ಹೆಂಡತಿ ಆಡದ ಮಾತೇ ಅದು? ನಿಮ್ಮಮ್ಮ ನನಗೆ ವಾರಕ್ಕೆರಡು ಸಲ ಅನ್ನುತ್ತಾಳೆ. ಆದರೆ ಈಗ ನಿನ್ನ ಅತ್ತೆ ನನ್ನ ಕೈ ಹಿಡಿದುಕೊಂಡು, “ಅಣ್ಣಾ, ಅವರು ದಡಕ್ಕೆ ಬಂದಿದ್ರು. ನನ್ನ ಮಾತು ನೆನಪಾಗಿ ತಿರುಗಿ ಹೋದ್ರು. ನಾನೇ ಕಳಿಸಿಬಿಟ್ಟೆ” ಎಂದು ಒಂದೇ ಸಮನೆ ಹೇಳುತ್ತಾಳೆ. ಅನ್ನ ಮುಟ್ಟುತ್ತಿಲ್ಲ. ಅವಳಿಗೆ ನೀನು ನಾಲ್ಕು ಸಾಲು ಬರೆ ಮಗಳೇ. ನಿನ್ನ ಮಾತು ಕೇಳಿಯಾಳು.

ಕಾಲು ಬೇಗ ವಾಸಿಯಾಗಲಿ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ

ಇನ್ನೊಂದು ಮಾತು. ನಿನ್ನೆ ಅತ್ತೆ ಕ್ಲಬ್ಬಿಗೆ ಬಂದು ಮಾವನ ಬಿಲ್ಲೆ ಕೇಳಿದಳು. “ಅವರ ಕೈ ಕೊನೆಗೆ ಮುಟ್ಟಿದ್ದು ಇದನ್ನೇ ಅಲ್ವಾ ಅಣ್ಣಾ” ಅಂದಳು. ಕೊಕ್ಕೆಯಿಂದ ತೆಗೆದುಕೊಟ್ಟೆ. ಈಗ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳಂತೆ.


ನವೆಂಬರ್ ೨೧, ಗುರುವಾರ

ಗುಬ್ಬೀ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ದಿನಾ ಬೆಳಿಗ್ಗೆ ಪೆನ್ನು ತೆಗೆದುಕೊಳ್ಳುತ್ತೇನೆ, ಮುಚ್ಚಳ ಹಾಕಿ ಇಡುತ್ತೇನೆ. ನಲವತ್ತು ವರ್ಷ ಊರಿನ ಅಂಗಡಿಗಳ ಹೆಸರೆಲ್ಲ ಬರೆದ ಕೈ ಇದು, ಸ್ವಂತ ಮಗಳಿಗೆ ಎರಡು ಸಾಲು ಬರೆಯಲಾರದು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ.

ದೋಣಿ ಸಿಕ್ಕಿತು. ದಕ್ಷಿಣದಲ್ಲಲ್ಲ, ಉತ್ತರದಲ್ಲಿ, ಹಳೆಯ ದೀಪಸ್ತಂಭದ ಆಚೆ ಬಂಡೆಗಳ ಸಂದಿಯಲ್ಲಿ, ಮಗುಚಿ ಬಿದ್ದಿತ್ತು. ಅವನು ಇರಲಿಲ್ಲ. ಗ್ಯಾರೇಜಿನವನೇ ಸೊಂಟದವರೆಗೆ ನೀರಿಗಿಳಿದು ಅದನ್ನು ನೆಟ್ಟಗೆ ಮಾಡಿದ. ಮೋಟಾರಿನ ಹಗ್ಗ ಎಳೆದೆಳೆದು ಕಿತ್ತುಬಂದಿತ್ತು. ಅಂದರೆ ಅದು ಕೈಕೊಟ್ಟಿತ್ತು, ಪಾಪ, ಎಷ್ಟು ಹೊತ್ತು ಎಳೆದನೋ. ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಊಟದ ಡಬ್ಬಿ ಹಾಗೇ ಇತ್ತು. ನಿನ್ನ ಅತ್ತೆ ಹಾಕುವ ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿರಲಿಲ್ಲ.

ಗ್ಯಾರೇಜಿನವನು ಡಬ್ಬಿ ಎತ್ತಿ ತೂಕ ನೋಡಿದ. ಆಮೇಲೆ, “ಹನ್ನೆರಡು ಹೊಡೆಯೋದೇ ತಡ ಡಬ್ಬಿ ಬಿಚ್ಚೋ ಮನುಷ್ಯ ಕಣ್ರೀ ಇವ್ರು. ಅಷ್ಟ್ರೊಳಗೇ ತೊಂದ್ರೆ ಆಗಿದೆ. ಉತ್ತರಕ್ಕೆ ಬಂದಿದೆ ಅಂದ್ರೆ ಎರಡು ಗಂಟೆಗಿಂತ ಮುಂಚಿನ ಗಾಳಿ ತಳ್ಳಿದ್ದು. ಇವ್ರು ದಡಕ್ಕೆ ಬರ್ಲೇ ಇಲ್ಲ” ಅಂದ. ನನ್ನ ಕಡೆ ತಿರುಗಿ, “ಹಾಗಾದ್ರೆ ಬಿಲ್ಲೆ ತಿರುಗಿಸಿದ್ದು ಯಾರು?” ಎಂದು ಕೇಳಿದ.

ಅದನ್ನು ವಿಚಾರಿಸಲು ಮಂಗಳವಾರ ಕ್ಲಬ್ಬಿನಲ್ಲಿ ಸಭೆ ಸೇರಿತು. ಕಾರ್ಯದರ್ಶಿ ನಾನೇ, ಪುಸ್ತಕ ಬಿಡಿಸಿಕೊಂಡು ಕೂತೆ. ಬೇಕರಿಯವನು ಅಳುತ್ತಲೇ ಹೇಳಿದ: “ಒಂದೇ ಒಂದು ಕೆಂಪು ಇದ್ದಿದ್ರೂ ನಾನು ಬಿಡ್ತಿದ್ನಾ? ನನ್ನ ಮಕ್ಕಳಾಣೆಗೂ ಬಿಳಿ ಇತ್ತು.” ಮೇಷ್ಟ್ರು ತಾನು ಮುಟ್ಟಿಲ್ಲ ಅಂದರು. ಉಳಿದವರೂ ಒಬ್ಬೊಬ್ಬರಾಗಿ ಎದ್ದು ನಾನಲ್ಲ, ನಾನಲ್ಲ ಅಂದರು. ಪ್ರತಿಯೊಬ್ಬರ ಮಾತನ್ನೂ ಬರೆದುಕೊಂಡೆ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಗೋಡೆಯ ಮೇಲಿನ ನಿಯಮ ನನ್ನದೇ ಕೈಬರಹ, ಹೇಗೆ ಕೇಳಿಯಾರು? ಕೊನೆಗೆ ‘ತಿಳಿದುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಈ ನಡುವೆ ಕಾವಲಿನವರು ಹುಡುಕುವುದನ್ನು ನಿಲ್ಲಿಸಿದರು. ಅವರ ಅಧಿಕಾರಿ ಒಳ್ಳೆಯವನು, ನನ್ನನ್ನು ಕೂರಿಸಿ ನೀರು ಕೊಟ್ಟು ಮಾತಾಡಿದ. “ಲೈಫ್ ಜಾಕೆಟ್ ಹಾಕ್ಕೊಂಡಿದ್ರು ಅಂತೀರಿ. ಹಾಗಿದ್ರೆ ಮಗುಚಿದ ದೋಣಿ ಹಿಡ್ಕೊಂಡು ಸಂಜೆವರೆಗೂ ಇದ್ದಿರ್ಬಹುದು ಯಜಮಾನ್ರೇ. ಅವತ್ತು ಎರಡು ಗಂಟೆಗೆ ನಮಗೊಂದು ಫೋನ್ ಬಂದಿದ್ರೆ...” ಅಂದ.

ಡಬ್ಬಿ ನೋಡಿದರೆ ನಿನ್ನ ಅತ್ತೆಗೆ ಸತ್ಯ ಹೊಳೆದೀತು ಅಂದುಕೊಂಡಿದ್ದೆ. ನನ್ನ ಗ್ರಹಚಾರ, ಆದದ್ದೇ ಬೇರೆ. ಅವಳು ಆ ರಬ್ಬರ್ ಬ್ಯಾಂಡ್ ಸವರುತ್ತಾ, “ನೋಡಿ ಅಣ್ಣಾ, ನನ್ನ ಮೇಲಿನ ಸಿಟ್ಟಿಗೆ ಊಟಾನೂ ಮುಟ್ಟಿಲ್ಲ” ಅಂದಳು. ನಾನೂ ಗ್ಯಾರೇಜಿನವನೂ ಗಾಳಿಯ ಲೆಕ್ಕ ಎಷ್ಟು ಹೇಳಿದರೂ, “ಮತ್ತೆ ಬಿಲ್ಲೆ? ಬಿಲ್ಲೆ ತಾನಾಗೇ ತಿರುಗುತ್ತಾ?” ಎಂದು ನಮ್ಮ ಬಾಯಿ ಮುಚ್ಚಿಸಿದಳು.

ನಿನ್ನೆ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಕಟ್ಟೆಯ ಪಕ್ಕದ ಮರಳಿನಿಂದ ನೇರ ನೀರಿಗೆ ನಡೆದಳು. ಚಪ್ಪಲಿ ಬಿಟ್ಟು, ಕನ್ನಡಕ ತೆಗೆದು ಚಪ್ಪಲಿಯ ಮೇಲಿಟ್ಟು, ಎದೆಯ ಮಟ್ಟ ನೀರಿನವರೆಗೂ ಹೋಗಿದ್ದಳು. ಅವಳನ್ನು ಹಿಂಬಾಲಿಸಿಕೊಂಡು ಹೋಗಿದ್ದ ನಿಮ್ಮಮ್ಮ ಕೂಗಾಡಿದ್ದು ಕೇಳಿ ಬೇಕರಿಯವನು ಓಡಿಬಂದು ಎಳೆದುತಂದ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಅವಳು ಅಂದದ್ದು ಒಂದೇ ಮಾತು: “ಬರಬೇಡಿ ಅಂದಿದ್ದೆನಲ್ಲ, ಬನ್ನಿ ಅಂತ ಹೇಳೋಕೆ ಹೋಗ್ತಿದ್ದೆ.” ಈಗ ಅವಳ ಜೊತೆ ನಿಮ್ಮಮ್ಮ ಇದ್ದಾಳೆ. ಆದರೆ ಎಷ್ಟು ದಿನ ಅಂತ ಕಾಯುವುದು, ಹೇಳು. ಸ್ನಾನದ ಮನೆಗೆ ಹೋದರೂ ಬಾಗಿಲ ಹೊರಗೆ ನಿಲ್ಲಬೇಕಾಗಿದೆ.

ನಿಮ್ಮಮ್ಮ ನನ್ನನ್ನೂ ಗಮನಿಸುತ್ತಿದ್ದಾಳೆ. ಮೊನ್ನೆ ಕ್ಲಬ್ಬಿನ ಬಾಗಿಲಿಂದ ಕಟ್ಟೆಯವರೆಗೆ ನಾನು ಹೋಗಿ ಬಂದು ಮಾಡುತ್ತಿದ್ದುದನ್ನು ನೋಡಿ, “ಏನ್ರೀ ಅದು, ಹೆಜ್ಜೆ ಎಣಿಸ್ತಾ ಇದೀರ?” ಎಂದು ಕೇಳಿದಳು. ಹೌದು, ಎಣಿಸುತ್ತಿದ್ದೆ. ಸರಿಯಾಗಿ ನಲವತ್ತು ಹೆಜ್ಜೆ. ಏನೂ ಇಲ್ಲ ಮಾರಾಯ್ತಿ, ಕಾಲಾಡಿಸುತ್ತಿದ್ದೇನೆ ಅಂದೆ.

ನಿನ್ನ ಮೊದಲ ಹಾಲುಹಲ್ಲು ಕೀಳಬೇಕಾದಾಗ ನೀನು ಮಂಚದ ಕೆಳಗೆ ಅವಿತುಕೊಂಡಿದ್ದೆ. ನಿನ್ನ ಮಾವ ತಾನೂ ಮಂಚದ ಕೆಳಗೆ ತೂರಿ, ಅಲ್ಲೇ ಮಲಗಿಕೊಂಡು, ಕತೆ ಹೇಳುತ್ತಾ ಹೇಳುತ್ತಾ ಹಲ್ಲು ಕಿತ್ತ. ಹೊರಗೆ ಬಂದ ಮೇಲೆ ಇಕ್ಕಳವನ್ನು ಅಲ್ಲೇ ಮರೆತಿದ್ದ. ಎರಡು ದಿನ ಹುಡುಕಿದೆವು. ಇದು ಯಾಕೆ ನೆನಪಾಯಿತೋ, ಅವನು ಏನನ್ನೇ ಮರೆತರೂ ಹಿಂದೆಯೇ ಹೋಗಿ ಎತ್ತಿಡುತ್ತಿದ್ದವನು ನಾನೇ.

ಚೆನ್ನಾಗಿರು ಮಗಳೇ. ಯಾರ ಮೇಲೂ ಸಿಟ್ಟಿಟ್ಟುಕೊಳ್ಳದೆ ಬಾಳು. ಈ ಅಪ್ಪನ ಆಶೀರ್ವಾದಕ್ಕೆ ಇನ್ನೂ ಬೆಲೆ ಇದ್ದರೆ, ಅದು ಯಾವಾಗಲೂ ನಿನ್ನ ತಲೆಯ ಮೇಲಿದೆ.

ನಿನ್ನ ಅಪ್ಪ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ಬಿಲ್ಲೆ ತಿರುಗಿಸಿದ್ದು ನಾನು.

ಆ ಭಾನುವಾರ ಒಂದೂಕಾಲಿಗೆ ನಾನು ಬಂದು ನನ್ನ ಬಿಲ್ಲೆ ಬಿಳಿ ಮಾಡಿದೆ. ಇನ್ನೂ ಮೂರು ಕೆಂಪು ಇದ್ದವು, ಅದರಲ್ಲಿ ಒಂದು ಅವನದು. ಕಿಟಕಿಯಿಂದ ನೋಡಿದರೆ ಅವನ ಕಾರು ನಿಲ್ಲುವ ಜಾಗ ಖಾಲಿ. ‘ಮತ್ತೆ ಮರೆತು ಮನೆಗೆ ಹೋದ, ಮಂಕು ಮುಂಡೇದು’ ಎಂದು ಬೈದುಕೊಂಡೇ ತಿರುಗಿಸಿದೆ. ಅದೇನು ಮೊದಲ ಸಲವಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಯಾರಿಗೂ ಕಾಣದಂತೆ ಅವನ ಬಿಲ್ಲೆ ನಾನೇ ತಿರುಗಿಸಿದ್ದೇನೆ, ನಾಲ್ಕು ಜನರ ಮುಂದೆ ಅವನು ಬೈಸಿಕೊಳ್ಳದಿರಲಿ ಎಂದು. ಕಾರನ್ನು ನಾವು ಹೊರಟ ಮೇಲೆ ಬ್ರೇಕ್ ಸರಿಮಾಡಲು ಗ್ಯಾರೇಜಿನ ಹುಡುಗ ಒಯ್ದಿದ್ದ. ಅದು ನನಗೆ ಗೊತ್ತಾದದ್ದು ಸೋಮವಾರ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಉತ್ತರಕ್ಕೂ ಹೋಗುತ್ತಿದ್ದರು.

ನನ್ನ ದೋಣಿ ಕಟ್ಟಿ ಮಳೆಗೆ ತಲೆ ಬಗ್ಗಿಸಿ ಓಡಿಬಂದಿದ್ದೆ, ಅವನ ದೋಣಿಯ ಜಾಗ ನೋಡಿರಲಿಲ್ಲ. ಆದರೆ ಹೊರಡುವಾಗ ಕೈಯಲ್ಲಿ ಕೊಡೆ ಇತ್ತು ಗುಬ್ಬೀ. ನಲವತ್ತು ಹೆಜ್ಜೆ ನಡೆದಿದ್ದರೆ ಕಟ್ಟೆಯಲ್ಲಿ ಅವನ ದೋಣಿ ಇಲ್ಲದ್ದು ಕಾಣುತ್ತಿತ್ತು. ಮಳೆ, ಹಸಿವು, ನಡೆಯಲಿಲ್ಲ. ಅವನು ದೋಣಿ ತಬ್ಬಿಕೊಂಡು ದಡ ನೋಡುತ್ತಿದ್ದ ಹೊತ್ತಿನಲ್ಲಿ ನಾನು ಮನೆಯಲ್ಲಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದೆ.

ನಿನಗೆ ಮೊದಲು ಬರೆದದ್ದು ನಾನು ಹೇಡಿಯಾದ್ದರಿಂದ. ಅಂಚೆ ಡಬ್ಬಿಗೆ ಹಾಕಿದ ಕಾಗದವನ್ನು ವಾಪಸು ತೆಗೆಯಲು ಬರುವುದಿಲ್ಲ. ಹಾಕಿ ಅಲ್ಲಿಂದಲೇ ನಿನ್ನ ಅತ್ತೆಯ ಮನೆಗೆ ಹೋಗುತ್ತೇನೆ. ಅವನು ತಿರುಗಿ ಹೋಗಲಿಲ್ಲ ತಾಯೀ, ನಿನ್ನ ಮಾತಿಗೆ ಹೋಗಲಿಲ್ಲ, ಬರಲು ಒದ್ದಾಡುತ್ತಿದ್ದ, ನಾನು ಬಾಗಿಲು ಮುಚ್ಚಿಸಿದೆ ಎಂದು ಹೇಳುತ್ತೇನೆ. ಅವಳು ದಿಂಬಿನ ಕೆಳಗಿಟ್ಟುಕೊಂಡ ಬಿಲ್ಲೆಯನ್ನು ಕೊನೆಗೆ ಮುಟ್ಟಿದ ಕೈ ನನ್ನದು ಎಂಬುದನ್ನೂ ಹೇಳಬೇಕು. ಆಮೇಲೆ ಅಣ್ಣಾ ಎನ್ನುತ್ತಾಳೋ ಇಲ್ಲವೋ. ನಿಮ್ಮಮ್ಮನೂ ಅಲ್ಲೇ ಇರುತ್ತಾಳೆ.

ಕೊಟ್ಟರೆ ಆ ಬಿಲ್ಲೆಯನ್ನು ವಾಪಸು ತಂದು ಅದೇ ಕೊಕ್ಕೆಗೆ ಹಾಕುತ್ತೇನೆ, ಕೆಂಪು ಮುಖ ಮುಂದೆ ಮಾಡಿ. ನಿನ್ನ ಮಾವ ಇನ್ನೂ ಬಂದಿಲ್ಲ.